ಏಳನೇ ಬಾವಿಯ ಅಳತೆ

ಮದ್ದೂರಿನ ಪೇಟೆಬೀದಿಯಲ್ಲಿ ನಜೀರ್ ಅಹ್ಮದ್ ಅಂದರೆ ಬಾಗಿಲು, ಕಿಟಕಿಗೆ ಹೆಸರಾದ ಬಡಗಿ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಅವನ ಹೆಂಡತಿ ಜೈನಾಬ್ ಬೀ ಕಾಮಾಲೆಯಿಂದ ತೀರಿಕೊಂಡಳು. ನಜೀರ್ ಅಳಲಿಲ್ಲ. ಮಣ್ಣು ಮಾಡಿ ಬಂದ ಮೂರನೇ ದಿನವೇ ಅಂಗಡಿ ತೆಗೆದು ಕೂತ. ಮಗಳು ಮೆಹರುನ್ನೀಸಾ ಬುತ್ತಿ ತಂದಿಟ್ಟರೆ ತಿನ್ನುತ್ತಿದ್ದ, ತರದಿದ್ದರೆ ಕೇಳುತ್ತಿರಲಿಲ್ಲ.

ನಲವತ್ತನೇ ದಿನದ ಫಾತೆಹಾ ಮುಗಿದ ವಾರದಲ್ಲಿ, ಮೇಷ್ಟ್ರು ಶ್ಯಾಮಣ್ಣನವರ ಮಗ ವರದರಾಜ ಕಂಕುಳಲ್ಲಿ ನಕ್ಷೆಗಳ ಸುರುಳಿ ಇಟ್ಟುಕೊಂಡು ಬಂದ. ಗುಜರಾತಿನಲ್ಲಿ ಎಣ್ಣೆ ಹುಡುಕುವ ಕೆಲಸ ಅವನದು. ರಜೆಗೆ ಊರಿಗೆ ಬಂದಿದ್ದ.

“ನಾಲ್ಕು ಸಾವಿರ ಅಡಿ ಆಳದಲ್ಲಿ ಎಣ್ಣೆ ಹಿಡಿದಿರೋ ಮರಳುಕಲ್ಲು ಇದೆ, ನಜೀರ್ ಸಾಬ್ರೇ. ಅದರ ಆಕಾರ ಮರದಲ್ಲಿ ಮಾಡ್ಕೊಡಬೇಕು. ಬರೀ ನಕ್ಷೆ ತೋರಿಸಿದ್ರೆ ನಮ್ಮ ದೊಡ್ಡ ಸಾಹೇಬರಿಗೆ ಅರ್ಥ ಆಗಲ್ಲ.”

“ಕಣ್ಣಿಗೆ ಕಾಣದ್ದನ್ನ ಎಂಗೆ ಅಳತೆ ಮಾಡಿದ್ರಿ ಸೋಮಿ?”

ವರದರಾಜ ಬಿಡಿಸಿ ಹೇಳಿದ. ಕೊರೆದ ಬಾವಿಗಳು ಒಂಬತ್ತು; ಯಾವ ಆಳದಲ್ಲಿ ಯಾವ ಕಲ್ಲು ಸಿಕ್ಕಿತೆಂದು ಬರೆದಿಟ್ಟಿದ್ದಾರೆ. ಬಾವಿಗಳ ನಡುವೆ ಮದ್ದು ಸಿಡಿಸಿ, ಸದ್ದು ಕೆಳಗೆ ಹೋಗಿ ಮರಳಿ ಬರಲು ಹಿಡಿದ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತಾರೆ. ಮಿಕ್ಕಿದ್ದು ಊಹೆ.

ನಜೀರ್ ಒಪ್ಪಿಕೊಂಡ. ಒಪ್ಪದಿರಲು ಅವನಿಗೆ ಕಾರಣವೇನೂ ಕಾಣಲಿಲ್ಲ.

ಕಲ್ಲಿನ ಪದರಕ್ಕೊಂದರಂತೆ ಹಲಗೆ ಕೊಯ್ದು, ನಕ್ಷೆಯ ಗೆರೆ ನೋಡಿಕೊಂಡು ಉಬ್ಬುತಗ್ಗು ಕೆತ್ತಿದ. ಬಾವಿಗಳ ಜಾಗಕ್ಕೆ ಸೈಕಲ್ ಚಕ್ರದ ಕಡ್ಡಿಗಳನ್ನು ಇಳಿಸಿದ. ಹನ್ನೊಂದು ದಿನ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಹನ್ನೆರಡನೇ ದಿನ ಏಳನೇ ಕಡ್ಡಿಯ ಬಳಿ ಬೆರಳಾಡಿಸಿ, ವರದರಾಜನನ್ನು ಕರೆಸಿದ.

“ಎಲ್ಲ ಪದರಾನೂ ಇದೊಂದು ಕಡ್ಡಿ ಹತ್ರ ಒಂದೇ ಸಮ ಕುಸಿದವೆ ಸೋಮಿ. ಬೇರೆಲ್ಲೂ ಇಂಗಿಲ್ಲ. ನನ್ನ ಕೆಲಸದಲ್ಲಿ ಇಂಗಾದ್ರೆ ಮರಾನ ಬೈಯಾಕಿಲ್ಲ, ಅಳತೆಪಟ್ಟಿ ನೋಡ್ತೀನಿ.”

ವರದರಾಜ ಕಾಗದಗಳನ್ನು ತಿರುವಿ ಹಾಕಿದ. ಉಳಿದ ಎಂಟು ಬಾವಿಗಳ ಆಳವನ್ನು ನೆಲದಿಂದ ಅಳೆದಿದ್ದರು. ಏಳನೆಯದನ್ನು ಮಾತ್ರ ಕೊರೆಯುವ ಯಂತ್ರದ ಅಟ್ಟಣೆಯ ಮೇಲಿಂದ. ಅಟ್ಟಣೆಯ ಎತ್ತರ ಹದಿನಾಲ್ಕು ಅಡಿ; ಅಷ್ಟೂ ಆಳದ ಲೆಕ್ಕಕ್ಕೆ ಸೇರಿಹೋಗಿತ್ತು. ತಿದ್ದಿ ಬರೆದಾಗ ಅಲ್ಲಿದ್ದ ಗುಂಡಿ ಹೋಗಿ, ನೀರಿಗಿಂತ ಹಗುರಾದ ಎಣ್ಣೆ ಮೇಲೇರಿ ನಿಲ್ಲುವ ಕಲ್ಲಿನ ದಿಬ್ಬ ಆ ಕಡೆಗೂ ಚಾಚಿಕೊಂಡಿತು.

“ಎರಡು ವರ್ಷದಿಂದ ಆರು ಜನ ನೋಡ್ತಿದ್ದೀವಿ ಸಾಬ್ರೇ! ಒಬ್ಬರ ಕಣ್ಣಿಗೂ ಬೀಳಲಿಲ್ವಲ್ಲ!” ವರದರಾಜ ಅವನ ಎರಡೂ ಕೈ ಹಿಡಿದುಕೊಂಡ.

ನಜೀರ್ ಕೈ ಬಿಡಿಸಿಕೊಂಡು ಉಳಿ ಎತ್ತಿಕೊಂಡ. “ಎಲ್ಲ ಹಲಗೇನೂ ಮತ್ತೆ ಕೆತ್ತಬೇಕು, ಬುಡಿ.”

ಮನೆಯಲ್ಲಿ ಮಗಳು ಕೇಳಿದಳು: “ಅಷ್ಟು ಹೊಗಳಿದ್ರಂತಲ್ಲ ಅಬ್ಬಾ, ಖುಷಿ ಆಗ್ಲಿಲ್ವಾ?”

“ಆಗಬೇಕಿತ್ತೇನೋ” ಅಂದ.

ಮರುವರ್ಷ ವರದರಾಜನ ಕಾಗದ ಬಂತು. ಮೆಹರುನ್ನೀಸಾ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು: ಆ ದಿಬ್ಬದ ಮೇಲೆ ಹೊಸ ಬಾವಿ ಕೊರೆದರಂತೆ, ಎಣ್ಣೆ ಬಂತಂತೆ.

“ನಿಮ್ಮಮ್ಮನಿಗೂ ಓದಿ ಹೇಳು” ಎಂದು ನಜೀರ್ ಅಡುಗೆಮನೆಯ ಕಡೆ ತಿರುಗಿ ಅಂದುಬಿಟ್ಟ.

ಮಗಳು ಕಾಗದ ಮಡಿಸಿ ಅವನ ಪಕ್ಕದಲ್ಲಿ ಬಂದು ಕೂತಳು. ನಜೀರ್‌ಗೆ ಆಗಲೂ ಅಳು ಬರಲಿಲ್ಲ. ಆಮೇಲೆ, ಕೊಪ್ಪದವರ ಬಾಗಿಲಿಗೆ ಇನ್ನೂ ಚಿಲಕ ಕೂರಿಸಿಲ್ಲ ಎಂದು ಅವನು ಎದ್ದ.