ಕೊಟ್ಟಿಗೆಯಲ್ಲಿ ಉಳಿದ ರೇಡಿಯೋ ದನಿ

"ಎದ್ದಿರಾ ಎಲ್ಲರೂ?"

ಕತ್ತಲು ಇನ್ನೂ ಹರಿದಿಲ್ಲ. ಕೊಟ್ಟಿಗೆಯಲ್ಲಿ ಉತ್ತರ ಕೊಡಬಲ್ಲವರು ಯಾರೂ ಇಲ್ಲ, ಕೇಳಿದವರೂ ಯಾರ ಕಡೆಗೂ ನೋಡುತ್ತಿಲ್ಲ. ದೇವಿರಮ್ಮ ಕುಕ್ಕುರುಗಾಲಲ್ಲಿ ಕೂತು, ಮಂಡಿಗಳ ನಡುವೆ ಬಕೆಟ್ಟು ಸಿಕ್ಕಿಸಿಕೊಂಡು, ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ, ಗೋಡೆಗೆ ಕೇಳಿದಂತೆ ಕೇಳುತ್ತಾರೆ. ಒಂದು ಗಳಿಗೆ ಸುಮ್ಮನಿರುತ್ತಾರೆ. ಮತ್ತೆ ಅದೇ ಮೆತ್ತನೆಯ ದನಿಯಲ್ಲಿ, "ಏಳಿ, ಬೆಳಕು ಬರುತ್ತಾ ಇದೆ."

ಹಸು ಮೆಲುಕು ನಿಲ್ಲಿಸುತ್ತದೆ. ಬಾಲ ಇಳಿಬಿಡುತ್ತದೆ. ಸುಕ್ಕಾಗಿದ್ದ ತೊಟ್ಟುಗಳು ನಿಧಾನಕ್ಕೆ ತುಂಬಿಕೊಳ್ಳುತ್ತವೆ. ಕೆಚ್ಚಲಿನ ಹಾಲು ತೊಟ್ಟಿಗೆ ಇಳಿಯುವ ಈ ಗಳಿಗೆಗೆ ಸೊರೆ ಬಿಡುವುದು ಎನ್ನುತ್ತಾರೆ. ಹಸು ಮನಸ್ಸು ಮಾಡಿದರೆ ಮಾತ್ರ ಅದು ಆಗುತ್ತದೆ. ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಬಿದ್ದ ಸದ್ದಿಗೆ ದೇವಿರಮ್ಮನ ಬಾಯಿ ಊರಿನ ಮಾತಿಗೆ ಮರಳುತ್ತದೆ. "ಊಂ, ಈಗ ಬುಟ್ಲು ನೋಡು. ಕಾಲ್ ತಗಿಯೇ ಮೂದೇವಿ."

ಗೋಡೆಯ ಮೊಳೆಗೆ ನೇತುಹಾಕಿದ ರೇಡಿಯೋ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದೆ. ಅದರ ಕಡೆ ಹಸುವಿಗೂ ಗಮನವಿಲ್ಲ, ದೇವಿರಮ್ಮನಿಗೂ ಇಲ್ಲ.

ಹನಕೆರೆ ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ಒಳಗಿರುವ ಈ ಊರಿನಲ್ಲಿ ದೇವಿರಮ್ಮ ಮನೆಮನೆಗೆ ಹೋಗಿ ಹಾಲು ಕರೆಯುತ್ತಾರೆ. ಏಳು ಮನೆ, ಹನ್ನೊಂದು ಹಸು. ಬೆಳಿಗ್ಗೆ ಡೈರಿಯ ವ್ಯಾನು ಬರುವುದರೊಳಗೆ ಎಲ್ಲ ಮುಗಿಯಬೇಕು. ಸಂಜೆ ಮತ್ತೊಂದು ಸುತ್ತು. ಸಂಜೆಗೆ ಬೂಸದ ಬಕೆಟ್ಟು ತೋರಿಸಿದರೆ ಸಾಕು, ತಕರಾರೆಲ್ಲ ಬೆಳಗಿನದೇ. ವರ್ಷಗಟ್ಟಲೆ ಮಡಚಿ ಹಿಂಡಿದ ಹೆಬ್ಬೆರಳುಗಳ ಗೆಣ್ಣು ಊದಿಕೊಂಡಿದೆ. ರಾತ್ರಿ ಹರಳೆಣ್ಣೆ ಸವರಿಕೊಳ್ಳುತ್ತಾರೆ. ಮೊಣಕಾಲಿನ ಕೆಳಗೆ ಒದೆ ತಿಂದ ಗುರುತಿದೆ. ಅದನ್ನು ಕೇಳಿದರೆ, "ಅದು ಅವಳ ತಪ್ಪಲ್ಲ ಕಣವ್ವ, ನನ್ ಕೈ ತಣ್ಣಗಿತ್ತು" ಎಂದು ಒದ್ದ ಹಸುವಿನ ಪರ ವಹಿಸುತ್ತಾರೆ.

ಗಂಡ ತಿಮ್ಮಯ್ಯ ಕಬ್ಬಿನ ಗಾಡಿಯ ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ದೇವಿರಮ್ಮ ಈ ಕೆಲಸ ಹಿಡಿದರು. ಮಲಗಿದ್ದಲ್ಲೇ ಕೇಳಲೆಂದು ತಿಮ್ಮಯ್ಯನಿಗೆ ಯಾರೋ ಮಳವಳ್ಳಿ ಸಂತೆಯಿಂದ ಒಂದು ಕೈರೇಡಿಯೋ ತಂದುಕೊಟ್ಟಿದ್ದರು. ಅದನ್ನು ಅವರೇ ಹೆಂಡತಿಯ ಕೈಗೆ ಹಾಕಿದರಂತೆ. "ಕತ್ಲೇಲಿ ಒಬ್ಳೇ ಓಯ್ತೀಯ, ಜೊತೇಗಿರ್ಲಿ ತಗೋ ಅಂದೆ. ನಾನು ಬೆಳಕರಿದ ಮೇಲೆ ಕೇಳಿದ್ರಾಯ್ತು." ಅಂದಿನಿಂದ ಆ ರೇಡಿಯೋ ದೇವಿರಮ್ಮನ ಸೊಂಟದಲ್ಲಿ, ಸೆರಗಿನ ಗಂಟಿನೊಳಗೆ, ಏಳು ಮನೆಯ ಕೊಟ್ಟಿಗೆಗಳನ್ನು ಸುತ್ತಿತು.

ಹಿಂದೆ ಕರು ಬಿಟ್ಟು ಹಾಲು ಕರೆಯುತ್ತಿದ್ದರು. ಕರು ಮುಸುಡಿಯಿಂದ ಗುದ್ದಿದರೆ ತಾಯಿ ಸೊರೆ ಬಿಡುತ್ತಿತ್ತು. ಈಗಿನ ಸೀಮೆಹಸುಗಳಿಗೆ ಕರುವನ್ನು ಹುಟ್ಟಿದಾಗಲೇ ಬೇರೆ ಕಟ್ಟಿ ಬಾಟಲಿ ಕೊಡುವುದೇ ಹೆಚ್ಚು. ಕರುವಿನ ಬದಲಿಗೆ ಹಸುವಿಗೆ ಇನ್ನೇನೋ ಒಂದು ಗುರುತು ಬೇಕು. ದೇವಿರಮ್ಮ ಕರೆಯುವ ಹಸುಗಳಿಗೆ ರೇಡಿಯೋವೇ ಗುರುತಾಯಿತು. ಅದರಲ್ಲಿ ಹಾಕುತ್ತಿದ್ದದ್ದು ಬೆಂಗಳೂರಿನ ನಾದಪೇಟೆ ಎಫ್‌ಎಂ, ಮೈಸೂರಿನ ಗೋಪುರದಿಂದಲೂ ಅದೇ ಬರುವುದರಿಂದ ಇಲ್ಲಿಗೆ ಸ್ಪಷ್ಟವಾಗಿ ಸಿಗುತ್ತದೆ.

ಆ ಸ್ಟೇಷನ್ನು ತನ್ನ ವೇಷ ಬದಲಿಸಿದ ಕತೆಯನ್ನು ಗೌತಮಿ ಫೋನಿನಲ್ಲಿ ಹೇಳುತ್ತಾರೆ. ಮೊದಲ ದಿನದಿಂದ ಅಲ್ಲಿ ನಸುಕಿನ ನಿರೂಪಕಿಯಾಗಿದ್ದವರು ಅವರು. "ಶುರುವಿಗೆ ಬೆಳಿಗ್ಗೆ ಭಕ್ತಿಗೀತೆ, ಆಮೇಲೆ ಹಳೆಯ ಕನ್ನಡ ಹಾಡು. ಮಾಲೀಕರು ಬದಲಾದರು, ಪೂರ್ತಿ ಹಿಂದಿ ಆಯ್ತು. ಅದೂ ಸಾಲದು ಅಂತ ಕಾರಿನಲ್ಲಿ ಕೆಲಸಕ್ಕೆ ಹೋಗೋರಿಗೆ ಇಂಗ್ಲಿಷು. ಯಾರೂ ಕೇಳಲಿಲ್ಲ, ಮತ್ತೆ ಕನ್ನಡ. ಆದರೆ ಈಗಷ್ಟೇ ಬಂದ ಹಾಡು, ಕುಣಿಯೋ ಹಾಡು. ಪ್ರತಿ ಸಲ ಹೊಸ ಬೋರ್ಡು, ಹೊಸ ಕೂಗು. ನನ್ನ ಹೆಸರನ್ನೂ ಎರಡು ಸಲ ಬದಲಾಯಿಸಿದರು. ಆ ಒಂದು ಸಾಲನ್ನ ಮಾತ್ರ ನಾನು ಬಿಡಲಿಲ್ಲ. ಪ್ರತಿ ಹಾಡಿನ ಹಿಂದೆ 'ಎದ್ದಿರಾ ಎಲ್ಲರೂ?' ಅಂತ ಕೇಳಿ, ಸ್ವಲ್ಪ ನಿಂತು, 'ಏಳಿ, ಬೆಳಕು ಬರುತ್ತಾ ಇದೆ' ಅಂತಿದ್ದೆ. ಹಿಂದಿ ಕಾಲದಲ್ಲಿ ಮೇಲಿನವರು ಅದು ಬೇಡ ಅಂದರು. ಆದರೆ ಅಷ್ಟು ಹೊತ್ತಿಗೆ ಕೇಳೋಕೆ ಅವರು ಎದ್ದಿರ್ತಿರಲಿಲ್ಲ."

ದೇವಿರಮ್ಮ ಅದೇ ಚರಿತ್ರೆಯನ್ನು ಕೊಟ್ಟಿಗೆಯಿಂದ ಹೇಳುತ್ತಾರೆ. "ಮೊದ್ಲು ದೇವರ ಪದ ಬತ್ತಿತ್ತು. ಆಮೇಕೆ ಅದೇನೋ ಇಂದಿ. ಆಮೇಕೆ ಗಂಟ್ಲು ಕಟ್ದೋರಂಗೆ ಇಂಗ್ಲೀಸು. ದನಗೋಳು ಒಂದಕ್ಕೂ ಏನೂ ಅನ್ನಲಿಲ್ಲ ಕಣವ್ವ. ಪದಕ್ಕೇಯ ಸೊರೆ ಬುಡ್ತವೆ ಅಂತ ನಾವೇ ಅಂದ್ಕಂಡಿದ್ದು."

ಹೋದ ವರ್ಷ ಸ್ಟೇಷನ್ನು ಮತ್ತೊಮ್ಮೆ ಬದಲಾಯಿತು. ಈ ಸಲ ಹಾಡುಗಳು ಹಾಗೇ ಉಳಿದವು, ಮಾತಾಡುವವರು ಹೋದರು. ಎಲ್ಲವೂ ಯಂತ್ರಕ್ಕೆ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ, ನಡುವೆ ಉಸಿರಾಡಲೂ ಬಿಡುವಿಲ್ಲ. ಗೌತಮಿಗೆ ಕೊನೆಯ ಕಾರ್ಯಕ್ರಮ ಕೊನೆಯದೆಂದು ಗೊತ್ತಾದದ್ದು ಅದು ಮುಗಿದು ಮನೆಗೆ ಬಂದ ಮೇಲೆ, ಫೋನಿನಲ್ಲಿ.

ಮಾರನೆಯ ಬೆಳಿಗ್ಗೆ ಇಲ್ಲಿ ಹಸುಗಳು ಸೊರೆ ಬಿಡದೆ ಹಾಲು ಎತ್ತಿಕೊಂಡು ನಿಂತವು. ದೇವಿರಮ್ಮ ಬೆಚ್ಚನೆ ನೀರು ಚಿಮುಕಿಸಿದರು, ಕೆಚ್ಚಲು ನೀವಿದರು, ಬೂಸ ಇಟ್ಟರು. ಅರ್ಧ ಹಾಲು ಒಳಗೇ ಉಳಿಯಿತು. ಕೆಚ್ಚಲಲ್ಲಿ ಹಾಲು ನಿಂತರೆ ಬಾವು. ಮೂರು ಹಸುಗಳ ಯಜಮಾನ ಶಿವಣ್ಣ ಡೈರಿಯಿಂದ ನೇರ ಇವರ ಬಾಗಿಲಿಗೆ ಬಂದರು.

"ಏನ್ ದೇವಿರಕ್ಕ, ನನ್ ದನಗೋಳ್ಗೆ ಏನ್ ಮಾಡ್ದೆ?"

"ನಾನೇನ್ ಮಾಡಾನ. ರೇಡಿಯೋದೋರು ಮಾಡವ್ರೆ."

ಆಮೇಲೆ ನಡೆದದ್ದನ್ನು ಶಿವಣ್ಣನ ಸೊಸೆ ರಂಜಿತ ನಗುತ್ತಾ ಹೇಳುತ್ತಾರೆ. ಹಸುವಿಗೆ ಯಾವ ಹಾಡು ಬೇಕೆಂದು ಕಂಡುಹಿಡಿಯಲು ಏಳೂ ಮನೆಯವರು ಒಂದೊಂದು ರೇಡಿಯೋ ಕೊಂಡು ಕೊಟ್ಟಿಗೆಗೆ ನೇತುಹಾಕಿದರು. ಸಾಲದ್ದಕ್ಕೆ ರಂಜಿತ ಫೋನಿನಲ್ಲಿ ಹಳೆಯದರಿಂದ ಹೊಸದರವರೆಗೆ, ಸ್ಟೇಷನ್ನು ನಡೆದು ಬಂದ ದಾರಿಯಲ್ಲೇ, ದಿನಕ್ಕೊಂದು ಬಗೆ ಹಾಕಿದರು. ಭಕ್ತಿಗೀತೆಗೆ ಹಸು ಕಣ್ಣು ಮುಚ್ಚಿತು. ಹಿಂದಿಗೆ ಸಗಣಿ ಹಾಕಿತು. ಮಾವ ಟಾರ್ಚು ಹಿಡಿದು ಕೆಚ್ಚಲನ್ನೇ ನೋಡುತ್ತಾ, "ಇಂಗ್ಲೀಸೇ ಇರ್ಬೇಕು, ಜಾತಿ ದನ ಅಲ್ವಾ" ಎಂದರಂತೆ. ದೇವಿರಮ್ಮ ಸುಮ್ಮನಿರಲಿಲ್ಲ. "ನಿನ್ ದನ ಯಾವ್ ಕಾನ್ವೆಂಟಲ್ಲಿ ಓದಿದ್ದು ಶಿವಣ್ಣ?"

ನಗೆ ಹೆಚ್ಚು ದಿನ ಉಳಿಯಲಿಲ್ಲ. ಎರಡು ಮನೆಯವರು ಹಾಲು ಕರೆಯುವ ಯಂತ್ರದ ಬೆಲೆ ವಿಚಾರಿಸಲು ಮದ್ದೂರಿಗೆ ಹೋಗಿಬಂದರು. ಶಿವಣ್ಣ ಸೂಜಿಯ ಮಾತೆತ್ತಿದರು. ಸೊರೆ ಬಿಡಿಸಲು ಚುಚ್ಚುವ ಆ ಮದ್ದಿಗೆ ಕಾನೂನಿನ ಒಪ್ಪಿಗೆಯಿಲ್ಲ, ಆದರೂ ಕದ್ದು ತಂದು ಚುಚ್ಚುವವರಿದ್ದಾರೆ.

"ಸೂಜಿ ಆಕಿದ್ ದನದ ಕೆಚ್ಚಲಿಗೆ ನಾನು ಕೈ ಇಕ್ಕಾಕಿಲ್ಲ" ಎಂದರು ದೇವಿರಮ್ಮ.

"ಅಂಗಾರೆ ನಾಳೀಕೊಂದಿನ ಬಾ. ಆಮೇಕೆ ಬರಬ್ಯಾಡ."

ದೊಡ್ಡ ಮನೆಯೇ ಬಿಟ್ಟರೆ ಉಳಿದವರೂ ಬಿಡುತ್ತಾರೆಂದು ದೇವಿರಮ್ಮನಿಗೆ ಗೊತ್ತಿತ್ತು. ತಿಮ್ಮಯ್ಯನ ಮಾತ್ರೆಯಿಂದ ಒಲೆಯ ಅಕ್ಕಿಯವರೆಗೆ ಮನೆ ನಿಂತಿದ್ದದ್ದು ಈ ಎರಡು ಕೈಗಳ ಮೇಲೆ. ಮರುದಿನ ಶಿವಣ್ಣ ಸೂಜಿಯವನನ್ನು ಕರೆತರಲು ಬೈಕು ಹತ್ತಿ ಹೋದರು. ದೇವಿರಮ್ಮ ಗೋಡೆಯ ರೇಡಿಯೋ ಆರಿಸಿ ಹಸುವಿನ ಪಕ್ಕ ಕೂತರು. ಹಾಲು ಬರುತ್ತದೆಂದು ಅಲ್ಲ, ಕೂರಲು ಬೇರೆ ಜಾಗ ತೋಚದೆ.

"ಏನಂತ ಯೋಳ್ಲಿ. ಆವಮ್ಮನ ಮುಕಾನೂ ನಾನು ಕಂಡಿಲ್ಲ. ದಿನಾ ಎದ್ದಿರಾ ಎದ್ದಿರಾ ಅಂತ ಕೇಳ್ತಿತ್ತಲ್ಲ, ಈಗ ಅದೂ ಇಲ್ವಲ್ಲ ಅನ್ನುಸ್ತು. ಬಾಯಿಗೆ ಬಂತು, ಅಂದೆ. ಆವಮ್ಮ ಅಂದಂಗೇ ಮೆಲ್ಲಕೆ ಅಂದೆ. ಅಂದು ಸುಮ್ಕೆ ಕೂತೆ. ಕೈಯಲ್ಲಿ ತೊಟ್ಟು ತುಂಬ್ಕತು ಕಣವ್ವ."

ಬೈಕು ತಿರುಗಿ ಬಂದಾಗ ಬಕೆಟ್ಟಿನಲ್ಲಿ ನೊರೆ ಏರಿತ್ತು. ಶಿವಣ್ಣ ಬಕೆಟ್ಟನ್ನು ನೋಡಿದರು, ಹಸುವನ್ನು ನೋಡಿದರು, ಹಿಂದೆ ನಿಂತಿದ್ದ ಸೂಜಿಯವನಿಗೆ, "ಬಾರ್ಲಾ, ಕಾಫಿ ಕುಡ್ಕಂಡ್ ಓಗು" ಎಂದರು. ಅಂದು ಮನೆಯಲ್ಲಿ ಮಲಗಿದ್ದ ತಿಮ್ಮಯ್ಯನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಬಂದು ಚೊಂಬು ಮಡಗಿದ ಸದ್ದಲ್ಲೇ ಗೊತ್ತಾಯ್ತು, ಕೆಲ್ಸ ಉಳೀತು ಅಂತ."

ಅಂದಿನಿಂದ ಹನ್ನೊಂದೂ ಹಸುಗಳು ದೇವಿರಮ್ಮನ ಬಾಯಲ್ಲಿ ಆ ಮಾತು ಬಂದರೆ ಸೊರೆ ಬಿಡುತ್ತವೆ. ರಂಜಿತ ಅದನ್ನೇ ಹೇಳಿ ನೋಡಿದರು, ಹಸು ಕಿವಿಯನ್ನೂ ಅಲ್ಲಾಡಿಸಲಿಲ್ಲ. "ನಗಾಡ್ಕಂಡು ಕೇಳುದ್ರೆ ಯಾರಮ್ಮಿ ಏಳ್ತಾರೆ?" ಎಂದು ದೇವಿರಮ್ಮ ಗದರಿದರು.

ಸಂಜೆ ದೀಪ ಹಚ್ಚಿದ ಮೇಲೆ ಕಾವ್ಯ ಓದುವ ಮನೆಗಳಲ್ಲಿ ಬೆಳೆದವರಿಗೆ ಇದು ತೀರ ಅಚ್ಚರಿಯಲ್ಲ. ಓದುವವರು ದಿನಕ್ಕೊಂದು ರಾಗ ಹಿಡಿಯುತ್ತಿದ್ದರು. ಪದ್ಯಕ್ಕೆ ಮೊದಲು "ಕೇಳಿ" ಎಂದು ಒಮ್ಮೆ ತಲೆಯೆತ್ತಿ ನಿಲ್ಲುತ್ತಿದ್ದದ್ದು ಮಾತ್ರ ಬದಲಾಗುತ್ತಿರಲಿಲ್ಲ. ಎಷ್ಟೋ ರಾಗಗಳು ಮರೆತುಹೋಗಿವೆ. ಆ ನಿಲುಗಡೆಯಲ್ಲಿ ಮೈಯೆಲ್ಲ ಕಿವಿಯಾಗುತ್ತಿದ್ದದ್ದು ಮರೆತಿಲ್ಲ.

ದೇವಿರಮ್ಮ ಹೀಗೆ ಹಾಲು ಕರೆಯುವುದನ್ನು ರಂಜಿತ ಹಿಡಿದ ಒಂದು ಸಣ್ಣ ವಿಡಿಯೋ ಊರೂರು ಸುತ್ತಿ ಗೌತಮಿಗೂ ತಲುಪಿದೆ. "ನಾನು ಯಾರನ್ನ ಕೇಳ್ತಿದ್ದೀನಿ ಅಂತ ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ" ಎನ್ನುತ್ತಾರೆ ಅವರು. "ಯಾರೋ ಓಗೊಡ್ತಿದ್ದರಲ್ಲ, ಸಾಕು. ಸ್ಟೇಷನ್ನಿನವರು ಮತ್ತೆ ಕರೆದರು. ಒಲ್ಲೆ ಅಂದೆ. ಈಗ ಬಿಸಿಲು ಬರೋವರೆಗೆ ಮಲಗ್ತೀನಿ. ಅದೂ ಒಂದು ಸುಖ."

ವಿಡಿಯೋ ತಲುಪಬೇಕಾದ ಇನ್ನೊಂದು ಕಡೆಗೂ ತಲುಪಿದೆ. ಈ ಬೆಳಿಗ್ಗೆ ಕೊನೆಯ ಹಸುವಿನ ಹಾಲು ಮುಗಿಯುವ ಹೊತ್ತಿಗೆ ಶಿವಣ್ಣನ ಅಂಗಳದಲ್ಲಿ ಕಾರು ನಿಲ್ಲುತ್ತದೆ. ನಾದಪೇಟೆ ಎಫ್‌ಎಂನ ಕಾರ್ಯಕ್ರಮ ನೋಡಿಕೊಳ್ಳುವ ಮಧುಕರ ಇಳಿದು, ಶೂ ಕಳಚಿಟ್ಟು ಕೊಟ್ಟಿಗೆಯೊಳಕ್ಕೆ ಬರುತ್ತಾರೆ. ಸ್ಟೇಷನ್ನು ಮತ್ತೆ ಬದಲಾಗುತ್ತಿದೆಯಂತೆ, ಮಾತು ಮರಳಿ ಬರಲಿದೆಯಂತೆ.

"ಒಂದೇ ಸಾಲು ಅಮ್ಮ. ಇಲ್ಲೇ ರೆಕಾರ್ಡ್ ಮಾಡ್ಕೊಳ್ತೀನಿ. ದಿನಾ ನಸುಕಿನಲ್ಲಿ ನಿಮ್ಮ ದನಿಯಿಂದಲೇ ಸ್ಟೇಷನ್ ಶುರುವಾಗುತ್ತೆ."

"ಊರೂರಲ್ಲಿ ನಿನ್ ಎಸ್ರಾಯ್ತದೆ ಕಣಕ್ಕ, ಒಪ್ಕೋ" ಎನ್ನುತ್ತಾರೆ ಶಿವಣ್ಣ.

"ನೀನ್ ಸುಮ್ಕಿರು." ದೇವಿರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಒಂದ್ ಮಾತು ಯೋಳಪ್ಪ. ಅದು ಎಲ್ಲಾ ರೇಡಿಯೋದಲ್ಲೂ ಬತ್ತದಾ?"

"ಎಲ್ಲದರಲ್ಲೂ. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಾ ಕಡೆ."

"ಒಂದೇ ಕಿತಕ್ಕಾ?"

"ಒಂದೇ ಸಲಕ್ಕೆ. ರೇಡಿಯೋ ಅಂದರೆ ಅದೇ ಅಲ್ಲವಾ ಅಮ್ಮ."

ದೇವಿರಮ್ಮ ತಲೆಯೆತ್ತಿ ಮೊಳೆಯ ಮೇಲಿನ ರೇಡಿಯೋ ನೋಡುತ್ತಾರೆ. ಕೊಂಡಿದ್ದಾಗಿದೆ, ಹಾಡಿಕೊಳ್ಳಲಿ, ಕಬ್ಬಿನ ಗದ್ದೆಯ ಚಿರತೆ ಇಲ್ಲಿ ಜನರಿದ್ದಾರೆ ಅಂದುಕೊಂಡು ದೂರ ಇರುತ್ತದೆ ಎಂದು ಏಳೂ ಮನೆಯವರು ಇವನ್ನು ಹಗಲೂ ರಾತ್ರಿ ಹಾಕಿಯೇ ಇಡುತ್ತಾರೆ.

"ಇಂತವು ಏಳು ಕೊಟ್ಟಿಗೇಲೂ ಅವೆ. ನನ್ ದನಿ ಬತ್ತಿದ್ದಂಗೇ ಅಷ್ಟೂ ದನ ಒಂದೇ ಕಿತ ಸೊರೆ ಬುಡ್ತವೆ. ನಾನು ಇಲ್ಲಿ ಒಂದರ ಕೆಳಗೆ ಕೂತಿರ್ತೀನಿ. ಮಿಕ್ಕಿದ್ ಆಲೆಲ್ಲಾ ಗಂಜಲದ ಗುಂಡಿಗಾ?"

ಶಿವಣ್ಣನ ಮುಖದ ನಗು ಆರುತ್ತದೆ. ಮಧುಕರ ಮಾತ್ರ ಸೋಲುವವರಲ್ಲ. "ಹಾಗಾದರೆ ಬೆಳಿಗ್ಗೆ ಬೇಡ. ಮಧ್ಯಾಹ್ನ ಹಾಕೋಣ?"

ದೇವಿರಮ್ಮ ತುಂಬಿದ ಬಕೆಟ್ಟು ಎತ್ತಿಕೊಂಡು ಬಾಗಿಲಿಗೆ ನಡೆಯುತ್ತಾರೆ.

"ಆಗಾಕಿಲ್ಲ ಕಣಪ್ಪ. ಯಾವೊತ್ತೂ ಆಗಾಕಿಲ್ಲ."