ಒಂದು ಲಾಡ್ಜಿಗೆ ಏಳು ದಿನದ ಗಡುವು

ಹೊಳೆಯಕ್ಕನಿಗೆ ಸಿಟ್ಟು ಬಂದದ್ದು ಅವಳ ಎಡಗೈಯಲ್ಲಿ ಗೊತ್ತಾಗುತ್ತದೆ. ಇಪ್ಪತ್ತೇಳು ವರ್ಷ ಹುಟ್ಟು ಹಾಕಿ ಸವೆದ ಭುಜ. ಸಿಟ್ಟಿನ ಭರಕ್ಕೆ ಕೈ ಎತ್ತಿದರೆ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಅದರಾಚೆ ಹೋಗುವುದಿಲ್ಲ. ಆ ಸೋಮವಾರ ಬೆಳಿಗ್ಗೆ ಲಾಡ್ಜಿನ ಊಟದ ಕೋಣೆಯಲ್ಲಿ ಕೈ ಹಾಗೆ ಅರ್ಧಕ್ಕೆ ನಿಂತಿತ್ತು. ಎದುರಿಗೆ ಅವಳ ನಾದಿನಿಯ ಮಗಳು, ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವಳು, ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

"ಇನ್ನೊಂದ್ಸಲ ಓದು," ಎಂದಳು ಹೊಳೆಯಕ್ಕ.

ಲೈಬ್ರರಿಯವಳು ಓದಿದಳು. "ಎಂಟು ಕೋಣೆಗಳ ಸಣ್ಣ ವಸತಿಗೃಹ. ಸ್ವತಂತ್ರ ಮೂಲಗಳಲ್ಲಿ ಗಣನೀಯ ಉಲ್ಲೇಖ ಕಾಣುವುದಿಲ್ಲ. ಗಮನಾರ್ಹತೆ ಸಾಬೀತಾಗಿಲ್ಲ. ಏಳು ದಿನದೊಳಗೆ ತಕ್ಕ ಆಧಾರ ಸಿಗದಿದ್ದರೆ ಲೇಖನವನ್ನು ಅಳಿಸಬಹುದು."

"ಸಣ್ಣದು ಅನ್ನೋಕೆ ಅವನೇನು ಬಂದು ಅಳೆದು ನೋಡಿದ್ನಾ?"

"ಎಂಟು ಕೋಣೆ ಅಂತ ನಾನೇ ಬರ್ದಿದ್ದು, ಅತ್ತೆ."

ಅಂತರ್ಜಾಲದ ವಿಶ್ವಕೋಶದಲ್ಲಿ ಲಾಡ್ಜಿನ ಬಗ್ಗೆ ಹದಿನಾಲ್ಕು ಸಾಲು ಬರೆದು ಹಾಕಿದವಳು ಈ ಲೈಬ್ರರಿಯವಳೇ. ಅಳಿಸಬೇಕೆಂದು ಚೀಟಿ ಅಂಟಿಸಿದವನು ಅಲ್ಲಿ 'ಪೆನ್ಸಿಲ್ ೪೪' ಎಂದು ಹೆಸರಿಟ್ಟುಕೊಂಡಿದ್ದ ಯಾರೋ ಪುಣ್ಯಾತ್ಮ. ಗಂಡೋ ಹೆಣ್ಣೋ ದೇವರೇ ಬಲ್ಲ. ಹೊಳೆಯಕ್ಕ ಮಾತ್ರ ಅವನು ಗಂಡಸೇ ಎಂದು ತೀರ್ಮಾನಿಸಿದ್ದಳು.

ಹದಿನಾಲ್ಕು ಸಾಲಿನಲ್ಲಿ ಹದಿಮೂರು ಹೋದರೂ ಅವಳಿಗೆ ಚಿಂತೆ ಇರಲಿಲ್ಲ. ಬೇಕಾದದ್ದು ಮೂರನೆಯ ಸಾಲು: ಈ ಹೊಳೆಯ ರಭಸದ ನೀರಿನಲ್ಲಿ ಮೊದಲು ದೋಣಿ ಇಳಿಸಿದವಳು ಈ ಲಾಡ್ಜಿನ ಒಡತಿ. ಆ ಮಾತು ಜಗತ್ತಿನಲ್ಲಿ ಬೇರೆಲ್ಲೂ ಬರೆದಿರಲಿಲ್ಲ. ಮೇಲಿನ ತಿರುವಿನಲ್ಲಿ ಎಂಟು ವರ್ಷದ ಹಿಂದೆ ಬಂದ ರಾಫ್ಟಿಂಗ್ ಕಂಪನಿಯವರು ತಾವೇ ಮೊದಲು ಎಂದು ಬೋರ್ಡು ಹಾಕಿಕೊಂಡಿದ್ದರು. ವಿಶ್ವಕೋಶದಲ್ಲಿ ಅವರಿಗೂ ಪುಟ ಇತ್ತು. ಅದನ್ನು ಯಾರೂ ಅಳಿಸುತ್ತಿರಲಿಲ್ಲ, ಏಕೆಂದರೆ ಅವರ ದೋಣಿಯಿಂದ ಒಬ್ಬ ಸಿನಿಮಾ ನಟ ನೀರಿಗೆ ಬಿದ್ದಿದ್ದ, ಆರು ಪತ್ರಿಕೆಗಳು ಬರೆದಿದ್ದವು.

"ಅಂದ್ರೆ ಬೀಳಿಸಿದವರಿಗೆ ಪುಟ, ಬೀಳಿಸದವರಿಗೆ ಚೀಟಿ," ಎಂದಳು ಹೊಳೆಯಕ್ಕ.

ಹೊಳೆಯಕ್ಕ ಹುಟ್ಟಿದ್ದು ಲಾರಿ ಟೈರಿಗೆ ಪಂಕ್ಚರ್ ಹಾಕುವವನ ಮಗಳಾಗಿ. ರಬ್ಬರಿಗೆ ತೇಪೆ ಹಚ್ಚುವ ವಿದ್ಯೆ ಅಪ್ಪನಿಂದಲೇ ಬಂತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾಲ್ಕು ಲಾರಿ ಟ್ಯೂಬುಗಳಿಗೆ ಹಲಗೆ ಕಟ್ಟಿಕೊಂಡು ಒಬ್ಬಳೇ ಹೊಳೆಗೆ ಇಳಿದಳು; ಏಳು ಮೈಲಿ ಕೆಳಗೆ ಒಂದು ಚಪ್ಪಲಿ ಕಳೆದುಕೊಂಡು ಮೇಲೆ ಬಂದಳು. ಅಪ್ಪ ಚಪ್ಪಲಿಗೆ ಬೈದ, ಹೊಳೆಗೆ ಬೈಯಲಿಲ್ಲ. ಆಮೇಲೆ ಹಳೆಯ ರಬ್ಬರ್ ರಾಫ್ಟ್ ಬಂತು, ಎಂಟು ಕೋಣೆ ಬಂದವು. ಗಂಡನೂ ಬಂದ. ಅವನು ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದವನು; ಎರಡು ದಿನದ ರಜೆಗೆಂದು ಬಂದವನು ಹಿಂದಕ್ಕೆ ಹೋಗಲೇ ಇಲ್ಲ. "ನೀನು ಹೊಳೆ ನೋಡ್ಕೋ, ನಾನು ಹೊಟ್ಟೆ ನೋಡ್ಕೋತೀನಿ" ಎಂದಿದ್ದನಂತೆ. ಅದೇ ಅವರ ಮದುವೆಯ ಮಾತುಕತೆ.

ನೀರು ಸುಳಿದು ಏಳುವ ಜಾಗಗಳಿಗೆಲ್ಲ ಹೆಸರಿಟ್ಟವಳೂ ಅವಳೇ. ಮೊದಲನೆಯದು ಮೈದುನ: ಬರೀ ಗದ್ದಲ, ಕೆಲಸ ಏನಿಲ್ಲ. ಎರಡನೆಯದು ಓರಗಿತ್ತಿ: ಪಕ್ಕದಿಂದ ಬಂದು ತಳ್ಳುತ್ತಾಳೆ. ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಬೀಗಿತ್ತಿ. ನುಣ್ಣಗೆ ನಗುತ್ತಾ ಬರಮಾಡಿಕೊಂಡು, ಒಳಗೆ ಹೋದ ಮೇಲೆ ಕೆನ್ನೆಗೆ ಬಾರಿಸುತ್ತಾಳೆ. ಕಂಪನಿಯವರು ಅವಕ್ಕೆ ಈಗ ಥಂಡರ್, ರೋಲರ್ ಕೋಸ್ಟರ್, ಮಾನ್‌ಸ್ಟರ್ ಎಂದು ಬೋರ್ಡು ನೆಟ್ಟಿದ್ದಾರೆ. ಬೀಗಿತ್ತಿಯನ್ನು ಮಾನ್‌ಸ್ಟರ್ ಎಂದರೆ ಅವಳಿಗೆ ಅರ್ಧ ಮರ್ಯಾದೆಯೂ ಸಿಕ್ಕಂತಾಗಲಿಲ್ಲ ಎಂಬುದು ಹೊಳೆಯಕ್ಕನ ವಾದ.

ಮಂಗಳವಾರ ಆಧಾರಗಳ ಬೇಟೆ ಶುರುವಾಯಿತು. ಅತಿಥಿಗಳು ಮೆಚ್ಚುಗೆ ಬರೆದು ಹೋದ ಒಂಬತ್ತು ಪುಸ್ತಕಗಳು ಬಂದವು. ಒಬ್ಬ ನಿವೃತ್ತ ನ್ಯಾಯಾಧೀಶರ ಕಾಗದ ಬಂತು. ಕೊನೆಗೆ ದಿನಚರಿಯ ರಿಜಿಸ್ಟರುಗಳು: ಒಂದು ದಿನಕ್ಕೆ ಒಂದೇ ಸಾಲು, ಮೂರು ಅಂಕಣ. ಲಾಡ್ಜಿನ ಮುಂದೆ ಹೊಳೆಯಲ್ಲಿರುವ ಅಜ್ಜಿಕಲ್ಲು ಎಂಬ ಬಂಡೆಯ ಮೇಲೆ ನೀರು ಎಷ್ಟು ಗೇಣು, ಅತಿಥಿಗಳು ಎಷ್ಟು ಮಂದಿ, ಏನಾಯಿತು. ಇವುಗಳಲ್ಲಿ ಹೊಡೆದು ಹಾಕಿ ಬರೆಯುವಂತಿಲ್ಲ. ನೀರಿನ ಲೆಕ್ಕದಲ್ಲಿ ಒಂದು ಅಂಕಿ ತಿದ್ದಿದರೆ ನಾಳೆ ಯಾರದೋ ಪ್ರಾಣ ಹೋಗುತ್ತದೆ ಎಂದು ಗೈಡುಗಳಿಗೆ ಗದರಿಸಿ ಕಲಿಸಿದ್ದಳು. ಇನ್ನೊಂದು ನಿಯಮವೂ ಇತ್ತು. ಹೊಳೆಯ ಸುದ್ದಿ ದಡದಲ್ಲಿ ಆಡಬಾರದು. ಮಧ್ಯಾಹ್ನ ದೋಣಿ ಕೈ ತಪ್ಪುವುದರಲ್ಲಿತ್ತು ಎಂದು ಗೈಡು ರಾತ್ರಿ ಊಟಕ್ಕೆ ಕೂತಾಗ ಹೇಳಿದರೆ ಬೆಳಿಗ್ಗೆ ದೋಣಿ ಹತ್ತುವವರ ಕೈ ನಡುಗುತ್ತದೆ, ನಡುಗುವ ಕೈ ಹುಟ್ಟು ಹಿಡಿಯುವುದಿಲ್ಲ. ಹಾಗಾಗಿ ಮೂರನೆಯ ಅಂಕಣದಲ್ಲಿ ಪುಟದ ಮೇಲೆ ಪುಟ ಒಂದೇ ಮಾತು: ಏನೂ ಆಗಲಿಲ್ಲ. ಏನೂ ಆಗಲಿಲ್ಲ. ಏನೂ ಆಗಲಿಲ್ಲ.

ಲೈಬ್ರರಿಯವಳು ಪುಟ ತಿರುವುತ್ತಾ ಹಣೆ ಹಿಡಿದುಕೊಂಡಳು. "ಅತ್ತೆ, ಅವರು ಕೇಳ್ತಿರೋದೇ ಅಲ್ಲಿ ಏನಾಯ್ತು ಅಂತ."

ಆದರೂ ಎಲ್ಲವನ್ನೂ ಫೋಟೋ ತೆಗೆದು ಕಳಿಸಿದಳು. ಪೆನ್ಸಿಲ್ಲಿನ ಉತ್ತರ ಸಂಜೆಯೊಳಗೆ ಬಂತು. ಬೈಗುಳ ಇದ್ದಿದ್ದರೆ ಹೊಳೆಯಕ್ಕ ಖುಷಿಯಿಂದ ತಿರುಗಿ ಬೈಯುತ್ತಿದ್ದಳು. ಆದರೆ ಪ್ರಾಣಿ ಬಹಳ ಸಭ್ಯ. ಅತಿಥಿಗಳ ಪುಸ್ತಕ ಸಂಸ್ಥೆಯದೇ ಆದ್ದರಿಂದ ಸ್ವತಂತ್ರವಲ್ಲ, ಕಾಗದ ಖಾಸಗಿ, ರಿಜಿಸ್ಟರು ಒಡತಿಯ ಕೈಬರಹ. ದಯವಿಟ್ಟು ಬೇರೆಯವರು ಬರೆದದ್ದನ್ನು ಕೊಡಿ.

"ಬರಿ," ಎಂದು ಹೊಳೆಯಕ್ಕ ಹೇಳಿ ಬರೆಸಿದಳು. "ಮಗು ಯಾರದು ಅನ್ನೋದಕ್ಕೆ ಹೆತ್ತ ತಾಯಿ ಸಾಕ್ಷಿ ಸಾಲಲ್ವಾ?"

ಉತ್ತರ: ಕ್ಷಮಿಸಿ, ಸಾಲದು. ತಾಯಿ ಸ್ವತಂತ್ರ ಮೂಲವಲ್ಲ.

ಅಡುಗೆಮನೆಯಿಂದ ಗಂಡ ನಕ್ಕದ್ದು ಕೇಳಿಸಿತು. ಆ ನಗೆಗೆ ಅವನಿಗೆ ಬುಧವಾರವೆಲ್ಲ ಮಾತಿಲ್ಲದ ಶಿಕ್ಷೆಯಾಯಿತು. ಕೈಲಾಗದ ಸಿಟ್ಟು ಮನೆಯವರ ಮೇಲೆಯೇ ತಾನೆ ಇಳಿಯುವುದು.

ಗುರುವಾರ ಅವನು ಈರುಳ್ಳಿ ಹೆಚ್ಚುತ್ತಾ ತಲೆ ಎತ್ತದೆ ಅಂದ: "ಬಸ್ಸಿಂದು ಪೇಪರ್ನಲ್ಲಿ ಬಂದಿತ್ತಲ್ಲ."

ಹೊಳೆಯಕ್ಕ ಎದ್ದು ಹೊರಗೆ ಹೋದಳು. ಲೈಬ್ರರಿಯವಳು ಮಾವನ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷದ ಹಿಂದೆ ರಟ್ಟಿನ ಕಾರ್ಖಾನೆಯ ಬಸ್ಸೊಂದು ಸೇತುವೆಯಿಂದ ಹೊಳೆಗೆ ಬಿದ್ದದ್ದು, ಹೊಳೆಯಕ್ಕ ಒಬ್ಬಳೇ ರಾಫ್ಟ್ ತೆಗೆದುಕೊಂಡು ಮೂರು ಸಲ ಹೋಗಿ ಹನ್ನೊಂದು ಜನರನ್ನು ದಡಕ್ಕೆ ತಂದದ್ದು, ಎಲ್ಲವನ್ನೂ ಅವನು ಹೇಳಿದ. ಲೈಬ್ರರಿಯವಳಿಗೆ ಇದು ಹೊಸ ಸುದ್ದಿ. ಅಂದೇ ಮಧ್ಯಾಹ್ನ ಕಾಲೇಜಿಗೆ ಹೋಗಿ, ಧೂಳು ಹಿಡಿದ ಪತ್ರಿಕೆಯ ಕಟ್ಟುಗಳನ್ನು ಬಿಚ್ಚಿ, ಮೂರನೆಯ ಪುಟದ ಸುದ್ದಿಯನ್ನು ಹಿಡಿದುಕೊಂಡು ಬಂದಳು. ಬರುವಾಗಲೇ ಮುಖ ಸಪ್ಪಗಿತ್ತು.

"'ಹೆಸರು ಹೇಳಲು ಇಚ್ಛಿಸದ ಸ್ಥಳೀಯರೊಬ್ಬರು ರಬ್ಬರ್ ದೋಣಿಯಲ್ಲಿ ಹನ್ನೊಂದು ಮಂದಿಯನ್ನು ಪಾರು ಮಾಡಿದರು.' ಅಷ್ಟೇ ಇದೆ. ಲಾಡ್ಜಿನ ಹೆಸರೂ ಇಲ್ಲ. ಯಾಕತ್ತೆ?"

"ನಾನು ಹೇಳ್ತಿದ್ದೆ," ಎಂದ ಗಂಡ. ಇಷ್ಟು ವರ್ಷ ನುಂಗಿಕೊಂಡಿದ್ದದ್ದು ಹೊರಬಂತು. "ವರದಿಗಾರನ್ನ ಕೂರಿಸಿ, ಚಹಾ ಕೊಟ್ಟು, ಹೆಸರು ಹೇಳೋಕೆ ಬಾಯಿ ತೆಗ್ದಿದ್ದೆ. ಇವಳು ದಡದಿಂದಾನೇ ಕೂಗಿದ್ಲು, ಬರೀಬೇಡಿ ಅಂತ. ಅವತ್ತು ಬೇಡ ಅಂದೋಳು ಇವತ್ತು ಪೆನ್ಸಿಲ್ಲಿಗೆ ಯಾಕೆ ಬೈಯ್ಬೇಕು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು."

"ನಿನ್ ಒಲೆ ಗಾದೆ ಒಲೆಗೆ ಹಾಕು! ಮಾರನೇ ದಿನ ಹದಿನೆಂಟು ಜನ ಬರೋರಿದ್ರು. ಹೊಳೇಲಿ ಸತ್ರು ಅಂತ ನಮ್ ಲಾಡ್ಜಿನ ಹೆಸರಿನ ಜೊತೆ ಪೇಪರಲ್ಲಿ ನೋಡಿದ್ರೆ ಯಾರು ಬರ್ತಿದ್ರು?"

ಅದು ಅರ್ಧ ನಿಜ. ಉಳಿದರ್ಧವನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಲೈಬ್ರರಿಯವಳು ಸೋಲುವ ಪೈಕಿ ಅಲ್ಲ. ಅದೇ ಪತ್ರಿಕೆಯಲ್ಲಿ ಈಗ ಒಬ್ಬ ಹೊಸ ವರದಿಗಾರ್ತಿ ಇದ್ದಳು. ಅವಳು ಹೊಳೆಯಕ್ಕನ ಜೊತೆ ಮಾತಾಡಿ, ಅಂದಿನ ಸ್ಥಳೀಯರು ಇವರೇ, ಹೊಳೆಗೆ ಮೊದಲು ಇಳಿದವರೂ ಇವರೇ ಎಂದು ಶನಿವಾರ ಬರೆದರೆ, ಅದು ಸ್ವತಂತ್ರ ಮೂಲ. ಪೆನ್ಸಿಲ್ಲನ್ನು ಕೇಳಿದಾಗ, ಅಂಥದ್ದು ಬಂದರೆ ಲೇಖನವನ್ನು ಉಳಿಸಲು ತಾನೇ ಮತ ಹಾಕುತ್ತೇನೆ ಎಂದು ಬರೆದ. ಹೊಳೆಯಕ್ಕ ಮೊದಲ ಬಾರಿ ಅವನನ್ನು 'ಪರವಾಗಿಲ್ಲ' ಎಂದಳು.

ಶುಕ್ರವಾರ ಮೂರು ಗಂಟೆಗೆ ಫೋನ್ ಬಂತು. ವರದಿಗಾರ್ತಿ ನಯವಾಗಿ ಕೇಳಿದಳು, ಹೊಳೆಯಕ್ಕ ಚೆನ್ನಾಗಿಯೇ ಹೇಳಿದಳು. ಲಾರಿ ಟ್ಯೂಬು, ಕಳೆದ ಚಪ್ಪಲಿ, ಮೈದುನ, ಬೀಗಿತ್ತಿ. ಫೋನಿನ ಆಚೆ ನಗು ಕೇಳಿಸಿತು. ಮೂರನೆಯ ಸಾಲು ಉಳಿದೇಬಿಟ್ಟಿತು ಎಂದು ಲೈಬ್ರರಿಯವಳು ಹೆಬ್ಬೆರಳು ಎತ್ತಿ ತೋರಿಸಿದಳು.

"ಬಸ್ಸಲ್ಲಿ ಒಟ್ಟು ಎಷ್ಟು ಜನ ಇದ್ರು, ಅಕ್ಕ?"

"ಹನ್ನೆರಡು."

"ಹನ್ನೊಂದು ಜನಾನ ಕರ್ಕೊಂಡು ಬಂದ್ರಿ. ಆ ಹನ್ನೆರಡನೆಯವರು ನಿಮ್ಗೆ ಕಾಣಿಸಿದ್ರಾ?"

ಹೊಳೆಯಕ್ಕನ ಎಡಗೈ ತಾನಾಗಿ ಮುಷ್ಟಿಯಾಯಿತು. ಕಾಣಿಸುವುದೇನು, ಕೈಯಲ್ಲೇ ಇದ್ದ. ಮೂರನೆಯ ಸಲ, ದೋಣಿಯಲ್ಲಿ ಆಗಲೇ ನಾಲ್ಕು ಜನ. ಎಡಗಡೆಯ ಹುಟ್ಟು ಬಿಟ್ಟು ಅವನ ಮಣಿಕಟ್ಟು ಹಿಡಿದಿದ್ದಳು. ಒಂದೇ ಹುಟ್ಟಿನ ದೋಣಿ ಅಡ್ಡ ತಿರುಗಿ ಬೀಗಿತ್ತಿಯ ಕಡೆಗೆ ಜಾರಿತು. ಹುಟ್ಟು ಹಿಡಿಯಬೇಕು, ಇಲ್ಲವೇ ಇವನನ್ನು ಹಿಡಿಯಬೇಕು. ಅವಳು ಹುಟ್ಟು ಹಿಡಿದಳು. ಅವನು ಜಾರಲಿಲ್ಲ, ಅವಳೇ ಬಿಟ್ಟಳು. ಅವನ ಹೆಂಡತಿ ಇದೇ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಗಂಡ ಬಸ್ಸಿನೊಳಗೇ ಸತ್ತ ಎಂದು ನಂಬಿಕೊಂಡು, ಇಪ್ಪತ್ತು ವರ್ಷದಿಂದ ಈ ಲಾಡ್ಜಿನ ಲೈಫ್ ಜಾಕೆಟ್ಟುಗಳ ಹರಿದ ಪಟ್ಟಿಗಳನ್ನು ಹೊಲಿದು ಕೊಡುತ್ತಿದ್ದಾಳೆ.

"ಅಕ್ಕ? ಅದನ್ನೇ ಮುಖ್ಯವಾಗಿ ಇಟ್ಕೊಂಡು ಬರೀಬಹುದು. ಆ ಮನೆಯವರನ್ನೂ ಮಾತಾಡಿಸ್ತೀನಿ."

"ಬರೀಬೇಡಿ," ಎಂದಳು ಹೊಳೆಯಕ್ಕ.

"ಆ ಭಾಗ ಬೇಡ್ವಾ?"

"ಯಾವ್ದೂ ಬೇಡ. ಒಂದಕ್ಷರಾನೂ ಬೇಡ."

ಲೈಬ್ರರಿಯವಳು ಅತ್ತುಬಿಟ್ಟಳು. ಐದು ದಿನ ರಜೆ ಹಾಕಿ ಒದ್ದಾಡಿದವಳು ಅವಳು. ಅಳುವುದರಲ್ಲಿ ತಪ್ಪೇನೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಂಡ ಗೊಣಗಿದ. ಇಬ್ಬರಿಗೂ ಕಾರಣ ಹೇಳಲಾರದ್ದಕ್ಕೆ ಹೊಳೆಯಕ್ಕ ಮತ್ತಷ್ಟು ಸಿಟ್ಟಾಗಿ, ಶನಿವಾರ ಭಾನುವಾರ ಎರಡೂ ದಿನ ಚೆನ್ನಾಗಿದ್ದ ರಾಫ್ಟಿಗೆ ತೇಪೆ ಹಚ್ಚುತ್ತಾ ಕೂತಳು.

ಸೋಮವಾರ ಬೆಳಿಗ್ಗೆ ಪುಟ ಇರಲಿಲ್ಲ. ಲಾಡ್ಜಿನ ಹೆಸರು ಹುಡುಕಿದರೆ ಕಂಪನಿಯ ಪುಟ ತೆರೆದುಕೊಳ್ಳುತ್ತಿತ್ತು. ಹೊಳೆಯಕ್ಕ ಒಂದು ಸಲ ನೋಡಿ ಲ್ಯಾಪ್‌ಟಾಪ್ ಮುಚ್ಚಿದಳು. ಅಲಮಾರಿಯಿಂದ ಇಪ್ಪತ್ತೆರಡು ವರ್ಷದ ಹಿಂದಿನ ರಿಜಿಸ್ಟರು ತೆಗೆದು ಆ ದಿನವನ್ನು ಹುಡುಕಿದಳು. ನೀರು: ಕಲ್ಲಿನ ಮೇಲೆ ಐದು ಗೇಣು. ಅತಿಥಿಗಳು: ಇಲ್ಲ. ಮೂರನೆಯ ಅಂಕಣದಲ್ಲಿ ಅವಳದೇ ಕೈಬರಹ: ಏನೂ ಆಗಲಿಲ್ಲ.

ಒಂದೇ ಸಾಲಿನ ಜಾಗ. ಇದ್ದದ್ದನ್ನು ಹೊಡೆದು ಹಾಕದೆ ನಿಜ ಬರೆಯುವಂತಿರಲಿಲ್ಲ. ಅವಳು ಸ್ಕೇಲಿಟ್ಟು ಆ ಎರಡು ಪದಗಳ ಮೇಲೆ ಗೆರೆ ಎಳೆದಳು. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಳು: ಬಸ್ಸು ಬಿತ್ತು. ಹನ್ನೊಂದು ಜನ ಬಂದರು. ಒಬ್ಬನನ್ನು ಹಿಡಿದಿದ್ದೆ, ನಾನೇ ಬಿಟ್ಟೆ. ನೀಲಿ ಅಂಗಿ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.

ಮಸಿ ಆರಿದ ಮೇಲೆ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. "ಎಲ್ಲಿಗೆ?" ಎಂದ ಗಂಡ. "ಹೊಲಿಗೆ ಅಂಗ್ಡಿಗೆ" ಎಂದಳು. ಕೈಯಲ್ಲಿ ಹರಿದ ಜಾಕೆಟ್ಟು ಇಲ್ಲದ್ದನ್ನು ಅವನು ನೋಡಿದ.

ಹೊಲಿಗೆಯವಳು ಯಂತ್ರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದಳು. ಎರಡು ಸಲ ಓದಿದಳು. ಹೊಳೆಯಕ್ಕ ನಿಂತೇ ಇದ್ದಳು.

"ಇಪ್ಪತ್ತು ವರ್ಷ ಪಟ್ಟಿ ಹೊಲಿಸ್ಕೊಂಡು ಹೋದ್ಯಲ್ಲ," ಎಂದಳು ಹೊಲಿಗೆಯವಳು. ದನಿ ಏರಲಿಲ್ಲ, ಬೆರಳನ್ನು ಮಾತ್ರ ಆ ಸಾಲಿನ ಮೇಲಿಂದ ಎತ್ತಲಿಲ್ಲ. "ಒಂದು ದಿನ ಬಾಯಿ ಬಿಡ್ಲಿಲ್ಲ. ಒಂದೇ ಒಂದು ದಿನ."

ಹೊರಗೆ ಯಾರೋ ಗಿರಾಕಿ ಬಂದು, ಇವರಿಬ್ಬರ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದರು.

ಹೊಲಿಗೆಯವಳು ಮತ್ತೆ ಪುಟದ ಮೇಲೆ ಬಗ್ಗಿದಳು. "ಅಂಗಿ ನೀಲಿ ಅಲ್ಲ. ಹಸಿರು. ನೀರಲ್ಲಿ ನಿಂಗೆ ಹಾಗೆ ಕಂಡಿರ್ಬೇಕು. ನಾನೇ ಹೊಲಿದಿದ್ದು, ನಂಗೊತ್ತು." ಮೇಜಿನ ಮೇಲಿದ್ದ ಪೆನ್ನನ್ನು ಹೊಳೆಯಕ್ಕನ ಕಡೆ ತಳ್ಳಿದಳು. "ತಿದ್ದು."

ಹೊಳೆಯಕ್ಕ ಕೂತು, ನೀಲಿ ಎಂಬುದನ್ನು ಹೊಡೆದು ಹಾಕಿ, ಹಸಿರು ಎಂದು ಬರೆದಳು.