ನೆರಳು ಯಾರ ಸರ್ಕಾರದ್ದು?

ತೊಂಬತ್ನಾಲ್ಕನೇ ಇಸವಿಯಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಹೊತ್ಕೊಂಡು ದಿಲ್ಲಿಯ ಮೇಳಕ್ಕೆ ಹೋಗಿದ್ದೆ. ನಮಗೆ ಕೊಟ್ಟ ಜಾಗದಲ್ಲಿ ರಣಬಿಸಿಲು. ಬಣ್ಣ ಮಾಸಿದ ಸೀರೆ ಯಾರು ಕೊಳ್ತಾರೆ? ಗಂಟು ಎತ್ಕೊಂಡು ಬೇವಿನ ಮರದ ಕೆಳಗೆ ಕೂತೆ. ಒಬ್ಬ ಪೊಲೀಸಪ್ಪ ಬಂದು ಲಾಠಿ ಆಡಿಸಿ "ಏಳು" ಅನ್ನೋ ಹಂಗೆ ತೋರಿಸಿದ.

ಪಕ್ಕದಲ್ಲಿ ಕಂಬಳಿ ಮಾರ್ತಿದ್ದ ಚಳ್ಳಕೆರೆಯವನಿಗೆ ಹಿಂದಿ ಬರ್ತಿತ್ತು. "ಇಲ್ಲಿಯ ಮುಖ್ಯಮಂತ್ರಿಗೆ ಹೇಳ್ತೀನಿ ಅನ್ನಪ್ಪಾ ಅವನಿಗೆ" ಅಂದೆ.

"ಹೇಳಿ ಏನು ಉಪಯೋಗ ಅಜ್ಜಿ? ದಿಲ್ಲಿ ಪೂರ್ತಿ ರಾಜ್ಯ ಅಲ್ಲ. ಹೊಸದಾಗಿ ವಿಧಾನಸಭೆ ಕೊಟ್ಟವ್ರೆ, ಮುಖ್ಯಮಂತ್ರಿ ಅಂತಾನೂ ಒಬ್ರು ಅವ್ರೆ. ಆದ್ರೆ ಪೊಲೀಸರು ಕೇಂದ್ರದೋರ ಕೈಯಾಗೆ, ನೆಲಾನೂ ಅವರ್ದೇ."

"ಅಯ್ಯೋ, ಮಗ್ಗ ಕೊಟ್ಟು ಲಾಳಿ ತಾವೇ ಇಟ್ಕೊಂಡಂಗಾಯ್ತಲ್ಲ! ಹೋಗ್ಲಿ, ನೆಲ ಕೇಂದ್ರದ್ದು. ನೆರಳು ಯಾರ್ದು, ಕೇಳು."

ಅವನು ನಗ್ತಾ ಕೇಳಿದ. ಪೊಲೀಸಪ್ಪ ಮರ ನೋಡಿದ, ನನ್ನ ನೋಡಿದ, ಟೋಪಿ ತೆಗೆದು ತಲೆ ಕೆರ್ಕೊಂಡು ಏನೋ ಅಂದ.

"ನೆರಳಿನ ಬಗ್ಗೆ ಅವನಿಗೆ ಆರ್ಡರ್ ಬಂದಿಲ್ವಂತೆ ಅಜ್ಜಿ. ಕೂತ್ಕೋಬಹುದಂತೆ."

ಕೂತೆ. ಆದ್ರೆ ಹೊತ್ತು ಇಳಿದಂಗೆಲ್ಲ ನೆರಳು ಸರೀತಾ ಹೋಯ್ತು. ಸಂಜೆವರೆಗೂ ಗಂಟಿನ ಜೊತೆ ಆ ನೆರಳು ಅನ್ನೋ ನನ್ನ ರಾಜಧಾನಿಯನ್ನೂ ಎಳ್ಕೊಂಡು ತಿರುಗಿದೆ. ಅದಕ್ಕೆ ಮಾತ್ರ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗ್ಲಿಲ್ಲ.